ಸವದತ್ತಿ: ಕೋಟೆ, ಗುಡ್ಡ ಮತ್ತು ಚರಿತ್ರೆಯಲ್ಲಿ ಕಾಣದ ನಮ್ಮ ಓಣಿ

ಇದು ಉದ್ದನೆ ಪೋಸ್ಟ್. ಪುರುಸೊತ್ತು ಇದ್ದಾಗ ಓದ್ರಿ, ಆದರ ಪೂರ್ತಿ ಓದ್ರಿ.

2024ರ ಕೊನೆಗೆ ಸವದತ್ತಿ ಯಲ್ಲಮ್ಮನ ಗುಡ್ಡದ ಪ್ರವಾಸೋದ್ಯಮಕ್ಕೆ ಕೇಂದ್ರ ಸರ್ಕಾರ ಸುಮಾರು 100 ಕೋಟಿ ರೂಪಾಯಿ ಮಂಜೂರು ಮಾಡಿತು. ರಾಜ್ಯ ಸರ್ಕಾರವೂ ಗುಡ್ಡಕ್ಕೆ ಅಂತ ಬೇರೆಯೇ ಅಭಿವೃದ್ಧಿ ಪ್ರಾಧಿಕಾರ ಮಾಡಿದೆ. ಆವಾಗಿನಿಂದ ನಮ್ಮ ಭಾಗದ ಮೊಬೈಲಿನ ತುಂಬ ಸವದತ್ತಿಯ "ಭವ್ಯ ಇತಿಹಾಸ" ಹರಿದಾಡ್ತಾ ಇದೆ. ರಟ್ಟರ ರಾಜಧಾನಿ, ದೇಸಾಯರ ಕೋಟೆ, ಏಳುಕೊಳ್ಳದ ಯಲ್ಲಮ್ಮ, ನವಿಲುತೀರ್ಥದ ಆಣೆಕಟ್ಟು. ನಾಲ್ಕು ಫೋಟೊ, ಹಿಂದೊಂದು ಹಾಡು. ಅದರಾಗ ಸುಳ್ಳು ಅನ್ನೂವಂಥದ್ದು ಏನೂ ಇಲ್ಲ. ಆದರ ರಾಜ, ದೇಸಾಯಿ, ದೇವಿ ಬಿಟ್ಟರ ಆ ಊರಾಗ ಮಂದಿನೇ ಇಲ್ಲ!

ನಮ್ಮ ನಾಲ್ಕು ತಾಲೂಕಿನ ಕತೆ ನೋಡ್ರಿ. ಕಿತ್ತೂರು ಅಂದರೆ ಚೆನ್ನಮ್ಮ ಮತ್ತು 1824. ಬೈಲಹೊಂಗಲ ಅಂದರೆ ಆಕೆ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡ ಊರು, ಆಕೆಯ ಸಮಾಧಿ ಇರುವ ಊರು, ಪಕ್ಕದಲ್ಲೇ ರಾಯಣ್ಣನ ಸಂಗೊಳ್ಳಿ. ರಾಮದುರ್ಗ ಅಂದರೆ ಭಾವೆ ಮನೆತನದ ಸಂಸ್ಥಾನ, 1939ರಲ್ಲಿ ಆ ಸಂಸ್ಥಾನದ ವಿರುದ್ಧ ಎದ್ದ ಜನ. ಈ ಮೂರು ಊರಿಗೂ ಹೇಳಿಕೊಳ್ಳಾಕ ಒಂದೊಂದು ಬಂಡಾಯ ಇದೆ. ಸವದತ್ತಿ ಅಂದರೆ ಮಾತ್ರ ಎಲ್ಲರೂ ಕೈಮುಗಿದು "ಉಧೋ ಉಧೋ" ಅಂದು ಸುಮ್ಮನಾಗ್ತಾರೆ. ಸವದತ್ತಿಯಲ್ಲೂ ಬಂಡಾಯ ಆಗಿದೆ. ಅದನ್ನ ಮಾಡಿದವರು ಕತ್ತಿ ಹಿಡಿದಿರಲಿಲ್ಲ, ಕೊರಳಿನ ಮುತ್ತು ಹರಿದು ಒಗೆದರು. ಅದನ್ನ ಬಂಡಾಯ ಅಂತ ಯಾರೂ ಬರೆಯಲಿಲ್ಲ. ಇವತ್ತು ಅದನ್ನ ಬರೀಬೇಕು.

*ಹೆಸರಿನಿಂದ ಶುರು ಮಾಡೋಣ*

ಹಳೆಯ ಶಾಸನಗಳಲ್ಲಿ ಈ ಊರಿನ ಹೆಸರು ಸುಗಂಧವರ್ತಿ. ಅದೇ ಜನರ ಬಾಯಲ್ಲಿ ಸವೆದು ಸವೆದು ಸವದತ್ತಿ ಆಯಿತು. ಇಂಗ್ಲಿಷರ ಕಾಲದ ಕಾಗದಗಳಲ್ಲಿ ತಾಲೂಕಿನ ಹೆಸರು ಪರಸಗಡ, ಹತ್ತಿರದ ಗುಡ್ಡದ ಕೋಟೆಯ ಹೆಸರು ಅದು. ಈಗಿನ ಜನಗಣತಿಯಲ್ಲಿ ಊರಿನ ಹೆಸರು "ಸವದತ್ತಿ ಯಲ್ಲಮ್ಮ". ಅಂದರೆ ರಾಜರ ಕಾಲದಲ್ಲಿ ಒಂದು, ಕೋಟೆಯವರ ಕಾಲದಲ್ಲಿ ಒಂದು, ಈಗ ದೇವಿಯದೊಂದು. ಊರಿನ ಹೆಸರಿನಿಂದ ಚರಿತ್ರೆ ಹುಡುಕುವ ವಿದ್ಯೆಯನ್ನ ಕನ್ನಡಕ್ಕೆ ಕಲಿಸಿದ ಶಂ.ಬಾ. ಜೋಶಿಯವರು ಹುಟ್ಟಿದ್ದೂ ಇದೇ ತಾಲೂಕಿನ ಗುರ್ಲಹೊಸೂರಿನಲ್ಲಿ. ಅವರ ದಾರಿಯಲ್ಲೇ ಒಂದು ಪ್ರಶ್ನೆ ಕೇಳಬಹುದು: ಊರಿಗೆ ಹೆಸರು ಯಾರು ಇಡ್ತಾರೆ? ಮಾದರ ಓಣಿ, ಹೊಲೇರ ಓಣಿ, ಸಮಗಾರ ಓಣಿ ಅನ್ನೋ ಹೆಸರುಗಳನ್ನ ಅಲ್ಲಿದ್ದವರು ಇಟ್ಟುಕೊಂಡದ್ದಲ್ಲ, ಮೇಲಿನ ಓಣಿಯವರು ದೂರ ಇಡಾಕ ಇಟ್ಟದ್ದು.

*ರಟ್ಟರ ಕಾಲ*

ರಟ್ಟರು 9ನೇ ಶತಮಾನದಿಂದ 13ನೇ ಶತಮಾನದವರೆಗೆ ಈ ಸೀಮೆ ಆಳಿದವರು. ಮೊದಲು ರಾಷ್ಟ್ರಕೂಟರ ಕೈಕೆಳಗೆ, ಆಮೇಲೆ ಕಲ್ಯಾಣದ ಚಾಲುಕ್ಯರ ಕೈಕೆಳಗೆ ಇದ್ದರು. 13ನೇ ಶತಮಾನದ ಹೊತ್ತಿಗೆ ರಾಜಧಾನಿಯನ್ನ ವೇಣುಗ್ರಾಮಕ್ಕೆ, ಅಂದರೆ ಇವತ್ತಿನ ಬೆಳಗಾವಿಗೆ ಒಯ್ದರು. ಕೊನೆಗೆ ದೇವಗಿರಿ ಯಾದವರ ದಂಡು ಬಂದು ಅವರ ಆಳ್ವಿಕೆ ಮುಗಿಸಿತು. ಸವದತ್ತಿಯಲ್ಲಿ ಸಿಕ್ಕ 980ರ ಶಾಸನವೊಂದು ಶಾಂತಿವರ್ಮ ಅನ್ನುವ ರಟ್ಟ ಅರಸ ಜೈನ ಬಸದಿಗೆ ಭೂಮಿ ಬಿಟ್ಟದ್ದನ್ನ ಹೇಳುತ್ತದೆ. ಇವತ್ತು ಸವದತ್ತಿ ಅಂದರೆ ದೇವಿಯ ಊರು ಅಂತ ಮಾತ್ರ ಗೊತ್ತಿರುವವರಿಗೆ ಇದು ನೆನಪಿರಲಿ: ಸಾವಿರ ವರ್ಷದ ಹಿಂದೆ ಇದು ಬಸದಿಗಳ ಊರೂ ಆಗಿತ್ತು. ಒಂದೇ ಧರ್ಮದ ಊರಾಗಿ ಇದು ಯಾವತ್ತೂ ಇರಲಿಲ್ಲ.

ಶಾಸನಗಳಿಗೆ ಒಂದು ಪದ್ಧತಿ ಇದೆ. ದಾನ ಕೊಟ್ಟವರ ವಂಶ ಬರುತ್ತದೆ, ತಗೊಂಡ ಗುರುವಿನ ಪರಂಪರೆ ಬರುತ್ತದೆ, ಭೂಮಿ ಎಷ್ಟು ಮತ್ತರು, ಎಲ್ಲೆ ಯಾವುದು ಅಂತ ಬರುತ್ತದೆ. ಆ ಭೂಮಿ ಉತ್ತವರು, ಸತ್ತ ದನ ಹೊತ್ತವರು, ಚರ್ಮ ಹದ ಮಾಡಿ ಬಾವಿಗೆ ಮಟ್ಟಿ ಹೊಲಿದು ಕೊಟ್ಟವರು ಬರೋದಿಲ್ಲ. ನಮ್ಮ ಅಜ್ಜಂದಿರು ಕಲ್ಲು ಹೊತ್ತಾರೆ, ಆದರ ಕಲ್ಲಿನ ಮೇಲೆ ಹತ್ತಿಲ್ಲ.

ಇಲ್ಲೇ ಒಂದು ವಾದಕ್ಕೆ ಉತ್ತರ ಹೇಳಿಬಿಡಬೇಕು. ದೇವದಾಸಿ ಪದ್ಧತಿ ಬಗ್ಗೆ ನಾವು ಮಾತಾಡಿದಾಗೆಲ್ಲ ಯಾರೋ ಒಬ್ಬರು ಬಂದು, "ಹಳೆಯ ಕಾಲದಲ್ಲಿ ಗುಡಿಯ ನರ್ತಕಿಯರಿಗೆ ಗೌರವ ಇತ್ತು, ಅವರೇ ದಾನ ಕೊಡ್ತಿದ್ದರು, ಭೂಮಿ ಇತ್ತು" ಅಂತಾರೆ. ಹೌದು, ಕರ್ನಾಟಕದ ಶಾಸನಗಳಲ್ಲಿ ಪಾತ್ರದವರು ದಾನ ಕೊಟ್ಟ, ಪಡೆದ ಉಲ್ಲೇಖ ಇವೆ. ಅವು ದೊಡ್ಡ ಗುಡಿ, ದೊಡ್ಡ ಅರಮನೆಗೆ ಸೇರಿದ ಹೆಣ್ಣುಮಕ್ಕಳ ಮಾತು. ಗುಡ್ಡಕ್ಕೆ ಬಿಟ್ಟ ನಮ್ಮ ಓಣಿಯ ಹುಡುಗಿಗೆ ಗುಡಿಯೊಳಗೆ ಕುಣಿಯುವ ಕೆಲಸ ಸಿಕ್ಕಿರಲಿಲ್ಲ. ಭೂಮಿ ಸಿಗಲಿಲ್ಲ. ಕೊರಳಿಗೆ ಕೆಂಪು ಬಿಳಿ ಮುತ್ತು, ತಲೆ ಮೇಲೆ ಪಡಲಗಿ, ಮಂಗಳವಾರ ಶುಕ್ರವಾರ ಐದು ಮನೆ ಜೋಗ, ದೊಡ್ಡವಳಾದ ಮೇಲೆ ಊರ ಗೌಡನೋ ಸಾಹುಕಾರನೋ ಯಾರು ಮೊದಲು ಬಂದರೋ ಅವರು. ಈ ಎರಡನ್ನೂ ಒಂದೇ ಹೆಸರಿನಿಂದ ಕರೆದು, ಮೊದಲನೆಯದರ ಗೌರವವನ್ನ ಎರಡನೆಯದಕ್ಕೆ ಹೊದಿಸೂದು ಮೋಸ.

*ದೇಸಾಯರ ಕಾಲ, ಕಂಪನಿ ಕಾಲ*

ಊರ ಮಧ್ಯದ ಕೋಟೆ 18ನೇ ಶತಮಾನದ್ದು, ಸಿರಸಂಗಿ ದೇಸಾಯರದು. ವಿಜಾಪುರದ ಆದಿಲಶಾಹಿ, ಸವಣೂರ ನವಾಬರು, ಪೇಶ್ವೆಗಳು ಒಬ್ಬರ ಮೇಲೊಬ್ಬರು ಬಂದು ಹೋದರೂ ಹಳ್ಳಿಯ ಮಟ್ಟದಲ್ಲಿ ಕಂದಾಯ ವಸೂಲಿ ಮಾಡುವ ದೇಸಾಯಿ, ದೇಶಪಾಂಡೆ, ಗೌಡ, ಕುಲಕರ್ಣಿ ಬದಲಾಗಲಿಲ್ಲ. 1818ರಲ್ಲಿ ಪೇಶ್ವೆಗಳು ಸೋತು ಈ ಸೀಮೆ ಇಂಗ್ಲಿಷರ ಕೈಗೆ ಬಂತು. ಆಗಲೂ ವತನಗಳು ಉಳಿದವು. ಗೌಡ ಕುಲಕರ್ಣಿಯರ ವತನಕ್ಕೆ ಮಾನ ಇತ್ತು. ನಮ್ಮವರ ವತನಕ್ಕೆ ದಿನದ 24 ತಾಸು ಊರ ಬಿಟ್ಟಿ ಚಾಕರಿ ಇತ್ತು: ಸಾವಿನ ಸುದ್ದಿ ಒಯ್ಯೂದು, ಕಂದಾಯದ ಗಂಟು ಹೊರೂದು, ಸಾಹೇಬ ಬಂದರೆ ಕುದುರೆಗೆ ಹುಲ್ಲು ತರೂದು. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ವತನ ಕಾಯ್ದೆ ತಿದ್ದಾಕ ಮಸೂದೆ ತಂದದ್ದು ಇಂಥ ಚಾಕರಿಯ ಮೇಲೇ. ಬೆಳಗಾವಿ ಜಿಲ್ಲೆ ಆವಾಗ ಮುಂಬೈ ಪ್ರಾಂತದಲ್ಲಿತ್ತು ಅನ್ನೋದನ್ನ ಮರೀಬಾರದು. ಅವರ ಹೋರಾಟ ದೂರದ ಮಹಾರಾಷ್ಟ್ರದ್ದಲ್ಲ, ನಮ್ಮ ಸರ್ಕಾರದ ಮುಂದೆ ನಡೆದದ್ದು. ಅದಕ್ಕೂ ಮೊದಲು, 1925ರಲ್ಲೇ, ಅವರು ಇದೇ ಜಿಲ್ಲೆಯ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು.

1876ರಿಂದ 78ರವರೆಗೆ ದೊಡ್ಡ ಬರಗಾಲ ಬಿತ್ತು. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಸುಟ್ಟು ಹೋದವು. ಹೊಲ ಇದ್ದವರು ಹೊಲ ಮಾರಿದರು, ದನ ಇದ್ದವರು ದನ ಮಾರಿದರು. ಏನೂ ಇಲ್ಲದವರ ಮನೆಯಲ್ಲಿ ಇದ್ದದ್ದು ಮಕ್ಕಳು. ಬರಗಾಲವೇ ದೇವದಾಸಿ ಪದ್ಧತಿ ಹುಟ್ಟಿಸಿತು ಅಂತ ನಾನು ಹೇಳ್ತಾ ಇಲ್ಲ, ಅದು ಮೊದಲೂ ಇತ್ತು. ಹಸಿವು ಮತ್ತು ಹರಕೆ ಒಂದೇ ಮನೆಯಲ್ಲಿ ಕೂಡಿದಾಗ ಹೆಣ್ಣುಮಗು ಗುಡ್ಡ ಹತ್ತುತ್ತದೆ ಅಂತ ಹೇಳ್ತಾ ಇದ್ದೇನೆ.

ಸಿರಸಂಗಿ ಲಿಂಗರಾಜರ (1861–1906) ಹೆಸರು ಇಲ್ಲಿ ಗೌರವದಿಂದಲೇ ಬರಬೇಕು. ದೇಸಗತಿಯ ಆಸ್ತಿಯನ್ನ ತನ್ನ ಸಮಾಜದ ಮಕ್ಕಳ ಓದಿಗೆ ಬಿಟ್ಟುಹೋದ ಮನುಷ್ಯ ಅವರು. ಆ ಹಣದಿಂದ ಓದಿ ಸಾವಿರಾರು ಮಂದಿ ಮೇಲೆ ಬಂದರು. ನಮ್ಮ ಸಮಾಜದಲ್ಲಿ ಬಿಟ್ಟುಹೋಗಾಕ ಆಸ್ತಿ ಇದ್ದವರೇ ಇರಲಿಲ್ಲ. ನಮ್ಮ ಮಕ್ಕಳಿಗೆ ಆಸರೆ ಆದದ್ದು ಬಾಬಾಸಾಹೇಬರು ಧಾರವಾಡದಲ್ಲಿ ನಡೆಸಿದ ವಿದ್ಯಾರ್ಥಿ ನಿಲಯ, ಆಮೇಲೆ ಸರ್ಕಾರಿ ಹಾಸ್ಟೆಲ್. ಸವದತ್ತಿಯ ಒಂದು ಓಣಿಯಿಂದ ಮಕ್ಕಳು ಕಾಲೇಜಿಗೆ ಹೋದರು, ಇನ್ನೊಂದು ಓಣಿಯಿಂದ ಗುಡ್ಡಕ್ಕೆ ಹೋದರು ಅಂದರೆ, ಅದಕ್ಕೆ ಕಾರಣ ಹಣೆಬರಹ ಅಲ್ಲ, ಆಸ್ತಿ.

*ಗುಡ್ಡ*

ಊರಿನಿಂದ ಸುಮಾರು ಐದು ಕಿಲೋಮೀಟರು. ಗುಡಿಯನ್ನ 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದ ಅಂತ ಹೇಳ್ತಾರೆ. ದೇವಿ ಮಾತ್ರ ಗುಡಿಗಿಂತ ಹಳಬಳು. ಜೋಗುಳಬಾವಿಯಲ್ಲಿ ಮೈತೊಳೆದು, ಸತ್ಯಮ್ಮನಿಗೆ ಕೈಮುಗಿದು, ಬೇವಿನ ಸೊಪ್ಪು ಹಿಡಿದು, ಭಂಡಾರ ಹಾರಿಸಿಕೊಂಡು ಮಂದಿ ಮೇಲೆ ಹೋಗ್ತಾರೆ. ಎಣ್ಣೆಹೊಂಡದಲ್ಲಿ ಮುಳುಗಿದರೆ ಚರ್ಮದ ಬ್ಯಾನಿ ಹೋಗುತ್ತದೆ ಅಂತ ನಂಬಿಕೆ. ಕೊಲ್ಲಾಪುರ, ಸಾಂಗ್ಲಿ, ಸೊಲ್ಲಾಪುರದಿಂದ ಮರಾಠಿ ಮಾತಾಡೂ ಮಂದಿ, ತೆಲುಗು ಸೀಮೆಯ ಮಂದಿ, ಗೋವಾದವರು, ಇಡೀ ಉತ್ತರ ಕರ್ನಾಟಕ. ಮೊದಲು ಚಕ್ಕಡಿ ಕಟ್ಟಿಕೊಂಡು ಬರ್ತಿದ್ದರು, ಈಗ ಟ್ರ್ಯಾಕ್ಟರು, ಟೆಂಪೊ, ಸರ್ಕಾರಿ ಬಸ್ಸು. ಸವದತ್ತಿಗೆ ಇವತ್ತಿಗೂ ರೈಲು ಇಲ್ಲ. ಇಷ್ಟು ಜನ ಬರುವ ಊರಿಗೆ ರೈಲು ಯಾಕಿಲ್ಲ ಅಂತ ಕೇಳಿದರೆ, ಬರುವ ಮಂದಿ ಎಂಥವರು ಅಂತ ನೋಡಿದರೆ ಗೊತ್ತಾಗುತ್ತದೆ. ಬಡವರು ಹೆಂಗಿದ್ದರೂ ಬರ್ತಾರೆ ಅಂತ ಸರ್ಕಾರಕ್ಕೆ ಧೈರ್ಯ.

ಪುರಾಣದ ಕತೆ ನಿಮಗೆಲ್ಲ ಗೊತ್ತು. ಜಮದಗ್ನಿಯ ಹೆಂಡತಿ ರೇಣುಕೆ. ದಿನಾ ಮರಳಿನ ಕೊಡ ಮಾಡಿ ನೀರು ತರುವಷ್ಟು ಪತಿವ್ರತೆ. ಒಂದು ದಿನ ನೀರಲ್ಲಿ ಗಂಧರ್ವರ ಆಟ ನೋಡಿ ಮನಸ್ಸು ಕದಲಿತು, ಕೊಡ ನಿಲ್ಲಲಿಲ್ಲ. ಗಂಡ ಸಿಟ್ಟಾದ. ಮಗ ಪರಶುರಾಮ ಅಪ್ಪನ ಮಾತಿಗೆ ಅವ್ವನ ತಲೆ ಕಡಿದ. ನಮ್ಮ ಓಣಿಯಲ್ಲಿ ಹೇಳುವ ಕತೆಯಲ್ಲಿ ಮುಂದಿನ ಭಾಗವೇ ಮುಖ್ಯ. ಓಡಿ ಬಂದ ಅವ್ವನಿಗೆ ಬಾಗಿಲು ತೆರೆದವಳು ಮಾತಂಗಿ, ನಮ್ಮ ಓಣಿಯವಳು. ಕೆಲವರು ಹೇಳುವಂತೆ ಇಬ್ಬರ ತಲೆಯೂ ಉರುಳಿ, ಮತ್ತೆ ಜೋಡಿಸುವಾಗ ಒಬ್ಬಳ ತಲೆ ಇನ್ನೊಬ್ಬಳ ಮೈಗೆ ಹೋಯಿತು. ಅದಕ್ಕೇ ಗುಡ್ಡದಲ್ಲಿ ಮಾತಂಗಿಗೂ ಒಂದು ಗುಡಿ ಇದೆ.

ಈ ಕತೆಯನ್ನ ಎರಡು ಸಲ ಓದ್ರಿ. ಮನಸ್ಸಿನಲ್ಲಿ ಒಂದು ಕ್ಷಣ ಕದಲಿದ್ದಕ್ಕೆ ಹೆಣ್ಣಿನ ತಲೆ ಕಡಿಯಬಹುದು ಅಂತ ಹೇಳುವ ಕತೆ ಅದು. ಕಡಿಯಾಕ ಬಂದಾಗ ಅಡಗಿಸಿಕೊಂಡವಳು ಅಸ್ಪೃಶ್ಯ ಹೆಣ್ಣುಮಗಳು ಅಂತ ಹೇಳುವ ಕತೆಯೂ ಅದೇ. ಮೇಲಿನವರು ಮೊದಲ ಅರ್ಧ ಇಟ್ಟುಕೊಂಡರು. ನಮ್ಮ ಜೋಗವ್ವಗಳು ಚೌಡಿಕೆ ಮೀಟಿಕೊಂಡು ಎರಡನೇ ಅರ್ಧ ಹಾಡಿಕೊಂಡು ಬಂದರು. ಆಸರೆ ಕೊಟ್ಟ ಓಣಿಯಿಂದಲೇ ಆಮೇಲೆ ಹೆಣ್ಣುಮಕ್ಕಳನ್ನ ಕಪ್ಪ ಕೇಳಿದ್ದು ಯಾವ ನ್ಯಾಯ ಅಂತ ಯಾರೂ ಕೇಳಲಿಲ್ಲ.

ಗುಡ್ಡದ ಪಂಚಾಂಗವೂ ಹೆಣ್ಣಿನ ಮೈಮೇಲೇ ಬರೆದದ್ದು. ಹೊಸ್ತಿಲ ಹುಣ್ಣಿಮೆಗೆ ದೇವಿ ವಿಧವೆ ಆಗ್ತಾಳೆ. ಮಂದಿ ಅದನ್ನ ರಂಡಿ ಹುಣ್ಣಿಮೆ ಅಂತಲೇ ಕರೀತಾರೆ. ದೇವಿಯ ಜತೆ ಜೋಗತಿಯರೂ ಬಳೆ ಒಡಕೋಬೇಕು. ಬನದ ಹುಣ್ಣಿಮೆ ದಾಟಿ ಭಾರತ ಹುಣ್ಣಿಮೆಗೆ ಆಕೆ ಮತ್ತೆ ಮುತ್ತೈದೆ, ಮತ್ತೆ ಹಸಿರು ಬಳೆ. ಸವದತ್ತಿ ಪೇಟೆಯ ವರ್ಷದ ದುಡಿಮೆ ಈ ಹುಣ್ಣಿಮೆಗಳ ಸುತ್ತ ತಿರುಗುತ್ತದೆ. ಬಳೆ, ಭಂಡಾರ, ಕುಂಕುಮ, ಕಾಯಿ, ಉತ್ತತ್ತಿ, ಕುಬಸದ ಖಣ, ಹಸಿರು ಸೀರೆ. ಬಳೆ ಒಡೆದರೂ ವ್ಯಾಪಾರ, ಬಳೆ ಇಟ್ಟರೂ ವ್ಯಾಪಾರ. ಸುಮಾರು 40 ಸಾವಿರ ಮಂದಿಯ ಊರು ಲಕ್ಷಗಟ್ಟಲೆ ಮಂದಿಗೆ ಅಂಗಡಿ ಹಾಕುತ್ತದೆ. ಈ ಊರಿಗೆ ಒಂದು ಒಳ್ಳೆಯ ಗುಣವೂ ಇದೆ, ಹೇಳಬೇಕು. ಯಾವ ಭಾಷೆಯವರು ಬಂದರೂ ಅವರ ಭಾಷೆಯಲ್ಲೇ ಮಾತಾಡಿಸುತ್ತದೆ, ಹೊಲದಲ್ಲಿ ಬಿಡಾರ ಹೂಡಾಕ ಬಿಡುತ್ತದೆ, ಒಲೆಗೆ ಕಟ್ಟಿಗೆ ಕೊಡುತ್ತದೆ. ಗಡಿ ಜಗಳದ ಕಾವು ಬೆಳಗಾವಿಯಲ್ಲಿ ಎಷ್ಟೇ ಇರಲಿ, ಗುಡ್ಡದ ದಾರಿಯಲ್ಲಿ ಮರಾಠಿ ಹಾಡು ಕನ್ನಡ ಹಾಡು ಒಟ್ಟೊಟ್ಟಿಗೇ ಹೋಗ್ತವೆ.

*ಯಾಕೆ ಬಿಡ್ತಿದ್ದರು*

"ಮೂಢನಂಬಿಕೆ" ಅಂತ ಒಂದೇ ಮಾತಿನಲ್ಲಿ ಮುಗಿಸಿದರೆ ನಮಗೆ ಏನೂ ತಿಳಿಯೋದಿಲ್ಲ. ತಲೆಯಲ್ಲಿ ಜಡೆ ಬಿದ್ದರೆ ಅವ್ವ ಕರೆದಳು ಅಂತಿದ್ದರು. ಎಣ್ಣೆ ಸಾಬೂನು ಕಾಣದ ಕೂದಲು ಜಡೆ ಕಟ್ಟದೆ ಇನ್ನೇನು ಮಾಡುತ್ತದೆ? ಮನೆಯಲ್ಲಿ ಬ್ಯಾನಿ ಬಂದರೆ ಹರಕೆ, ದವಾಖಾನೆ ದೂರ. ಇನ್ನೊಂದು ಕಾರಣ ಇದಕ್ಕಿಂತ ಗಟ್ಟಿ: ಗಂಡುಮಗ ಇಲ್ಲದ ಮನೆಯಲ್ಲಿ ಒಬ್ಬ ಮಗಳನ್ನ ದೇವರಿಗೆ ಬಿಟ್ಟರೆ ಅವಳು ಗಂಡುಮಗನ ಸ್ಥಾನಕ್ಕೆ ಬರ್ತಾಳೆ. ಅಪ್ಪ ಅವ್ವನ್ನ ಸಾಕ್ತಾಳೆ, ಮಣ್ಣು ಮಾಡ್ತಾಳೆ, ಇರುವ ಒಂದು ಗುಡಿಸಲಿಗೆ ವಾರಸುದಾರಳಾಗ್ತಾಳೆ. ಮದುವೆಯಾಗಿ ಹೋಗುವ ಮಗಳಿಗೆ ಇಲ್ಲದ ಹಕ್ಕು ಮುತ್ತು ಕಟ್ಟಿದ ಮಗಳಿಗೆ ಇತ್ತು. ಆ ಹಕ್ಕಿಗೆ ಆಕೆ ಕೊಟ್ಟ ಬೆಲೆ ತನ್ನ ಇಡೀ ಜೀವ. ಬಡ ಅಪ್ಪ ಅವ್ವ ತಮ್ಮ ಮುಪ್ಪಿನ ಕಾಲಕ್ಕೆ ಮಾಡಿಕೊಂಡ ವ್ಯವಸ್ಥೆಯನ್ನ ಊರ ಗಂಡಸರು ತಮ್ಮ ಸುಖಕ್ಕೆ ಬಳಸಿಕೊಂಡರು. ಆಮೇಲೆ ದಲ್ಲಾಳಿಗಳು ಬಂದರು. ಸವದತ್ತಿಯಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಯರು ಸಾಂಗ್ಲಿ, ಪುಣೆ, ಮುಂಬೈನ ಕಾಮಾಟಿಪುರದ ಗಲ್ಲಿಗಳಲ್ಲಿ ಸಿಕ್ಕರು. ಬೆಳಗಾವಿ ಜಿಲ್ಲೆಯ ಹಳ್ಳಿಗಳ ಹೆಸರು ಆ ಗಲ್ಲಿಗಳಲ್ಲಿ ಗೊತ್ತಿದ್ದದ್ದು ಹತ್ತಿ, ಜೋಳದಿಂದ ಅಲ್ಲ.

*ಬಂಡಾಯ*

ಕಾನೂನು ಮೊದಲೇ ಬಂದಿತ್ತು. 1934ರಲ್ಲೇ ಮುಂಬೈ ಪ್ರಾಂತದಲ್ಲಿ ದೇವದಾಸಿ ರಕ್ಷಣಾ ಕಾಯ್ದೆ ಆಯಿತು. ಅದು ಸವದತ್ತಿಗೂ ಅನ್ವಯ. ಕಾಗದ ಗುಡ್ಡ ಹತ್ತಲಿಲ್ಲ.

1936ರ ಜೂನ್ 16ರಂದು ಮುಂಬೈನ ಪರಳದ ದಾಮೋದರ ಹಾಲ್‌ನಲ್ಲಿ ಒಂದು ಸಭೆ ಸೇರಿತು. ಬಂದವರು ದೇವದಾಸಿಯರು, ಜೋಗತಿಯರು, ಪೋತರಾಜರು. ಮಾತಾಡಿದವರು ಬಾಬಾಸಾಹೇಬರು. ಮತಾಂತರದ ಘೋಷಣೆ ಆಗಿ ಆಗಿನ್ನೂ ವರ್ಷವೂ ಆಗಿರಲಿಲ್ಲ. ಅವರು ಆ ಹೆಣ್ಣುಮಕ್ಕಳಿಗೆ ಕನಿಕರದ ಮಾತು ಆಡಲಿಲ್ಲ, ನೇರವಾಗಿಯೇ ಹೇಳಿದರು: ನಮ್ಮ ಜೊತೆ ಬರೋದಾದರೆ ಈ ಬದುಕು ಬಿಟ್ಟು ಬರ್ರಿ, ಬಡತನದಲ್ಲಾದರೂ ಮಾನದಿಂದ ಇರ್ರಿ. ಆ ಮಾತು ಕಟುವಾಗಿತ್ತು ಅಂತ ಇವತ್ತು ಕೆಲವರು ಟೀಕೆ ಮಾಡ್ತಾರೆ. ಹೊಟ್ಟೆಗೆ ದಾರಿ ತೋರಿಸದೆ ಬಿಡು ಅನ್ನೋದು ಸುಲಭ ಅಲ್ಲ ಅನ್ನೋದೂ ನಿಜ. ಆದರೆ ಅಲ್ಲಿಯವರೆಗೆ ಅವರನ್ನ ದೇವರ ಆಸ್ತಿ ಅಂತಲೋ ಊರ ಆಸ್ತಿ ಅಂತಲೋ ನೋಡಿದವರೇ ಎಲ್ಲರೂ. ನೀವು ನಿಮ್ಮ ಬದುಕನ್ನ ನೀವೇ ನಿರ್ಧರಿಸಬಲ್ಲ ಮನುಷ್ಯರು ಅಂತ ಎದುರು ನಿಂತು ಅವರ ಜೊತೆ ಮಾತಾಡಿದವರು ಬಾಬಾಸಾಹೇಬರು. ನಮ್ಮ ಸೀಮೆಯ ಬಂಡಾಯದ ಬೇರು ಅಲ್ಲಿದೆ.

1982ರಲ್ಲಿ ಕರ್ನಾಟಕ ತನ್ನದೇ ಕಾಯ್ದೆ ಮಾಡಿತು, 1984ರಲ್ಲಿ ಜಾರಿಗೆ ಬಂತು. ಮುತ್ತು ಕಟ್ಟಿಸಿದರೆ, ಕಟ್ಟಿದರೆ ಮೂರು ವರ್ಷದವರೆಗೆ ಜೈಲು. ಕಟ್ಟಿಸಿದವರು ಹೆತ್ತವರೇ ಆದರೆ ಐದು ವರ್ಷದವರೆಗೆ. ಗಮನಿಸ್ರಿ: ಹಸಿದ ಅವ್ವನಿಗೆ ಐದು, ದಕ್ಷಿಣೆ ತಗೊಂಡು ಮುತ್ತು ಕಟ್ಟಿದವನಿಗೆ ಮೂರು, ಆ ಹುಡುಗಿಯನ್ನ ಇಟ್ಟುಕೊಂಡ ಗೌಡನ ಬಗ್ಗೆ ಕಾಯ್ದೆ ಬಾಯಿನೇ ಬಿಡಲಿಲ್ಲ. ಕಾಯ್ದೆ ಬೇಕಿತ್ತು, ಬಂದದ್ದು ಒಳ್ಳೆಯದೇ ಆಯಿತು. ಆದರೆ ಭಯದಿಂದ ಮುತ್ತು ಗುಡ್ಡದಿಂದ ಇಳಿದು ಮನೆ ಮೂಲೆಗೆ, ಸಣ್ಣ ಗುಡಿಗಳಿಗೆ, ರಾತ್ರಿಗೆ ಹೋಯಿತು.

1986ರಲ್ಲಿ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ, ಅದೂ ರೇಣುಕಾಂಬೆಯ ಗುಡಿಯೇ, ಬೆತ್ತಲೆ ಸೇವೆ ತಡೆಯಾಕ ಹೋದ ದಲಿತ ಸಂಘರ್ಷ ಸಮಿತಿಯ ಸಂಗಾತಿಗಳ ಮೇಲೆ, ಪೊಲೀಸರ ಮೇಲೆ ಜನ ಬಿದ್ದರು. ಬಟ್ಟೆ ಕಳೆದು ಮೆರವಣಿಗೆ ಮಾಡಿದರು. ಆ ಅವಮಾನ ಹೊತ್ತವರು ನಮ್ಮ ಹಿರಿಯರು. ಅದಾದ ಮೇಲೇ ಸರ್ಕಾರ ಬೆತ್ತಲೆ ಸೇವೆ ನಿಷೇಧಿಸಿತು. ಸವದತ್ತಿಯ ಜೋಗುಳಬಾವಿಯಲ್ಲಿ ಬೇವಿನ ಉಡಿಗೆ ನಿಲ್ಲಿಸಾಕ ಬಲ ಬಂದದ್ದೂ ಆ ಹೋರಾಟದಿಂದಲೇ.

ನಾನು ದೊಡ್ಡದು ಅನ್ನೋದು ಇದಕ್ಕಿಂತ ಮುಂದಿನದನ್ನ. 1997ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಹುಟ್ಟಿತು. ನಡೆಸಿದವರು ಮಾಜಿ ದೇವದಾಸಿಯರೇ. ಹೊರಗಿನಿಂದ ಬಂದು ಉದ್ಧಾರ ಮಾಡುವವರು ಬಹಳ ಮಂದಿ ಇದ್ದರು, ಇಲ್ಲಿ ಮುತ್ತು ಕಟ್ಟಿಸಿಕೊಂಡವರೇ ಮುತ್ತು ಬಿಚ್ಚಿಸಾಕ ನಿಂತರು. ಹಳ್ಳಿ ಹಳ್ಳಿಗೆ ಹೋಗಿ ಜಡೆ ಕತ್ತರಿಸಿದರು, ಹುಣ್ಣಿಮೆಗೆ ಗುಡ್ಡದಲ್ಲಿ ನಿಂತು ಸಣ್ಣ ಹುಡುಗಿಯರನ್ನ ಕರಕೊಂಡು ಬಂದವರನ್ನ ತಡೆದರು, ಉಳಿತಾಯ ಸಂಘ ಕಟ್ಟಿದರು, ಮಕ್ಕಳನ್ನ ಸಾಲಿಗೆ ಹಚ್ಚಿದರು. ಅವರಲ್ಲಿ ಒಬ್ಬರು ಸೀತವ್ವ ಜೋಡಟ್ಟಿ. ಏಳು ವರ್ಷಕ್ಕೇ ದೇವರಿಗೆ ಬಿಟ್ಟ ಹುಡುಗಿ, 2018ರಲ್ಲಿ ಪದ್ಮಶ್ರೀ ಪಡೆದರು. ಕಿತ್ತೂರಿನಲ್ಲಿ ಚೆನ್ನಮ್ಮನ ಉತ್ಸವ ನಡೆಯುತ್ತದೆ, ನಡೀಬೇಕು. ಇದೇ ಜಿಲ್ಲೆಯ ಈ ಹೆಣ್ಣುಮಕ್ಕಳ ಹೆಸರಿನಲ್ಲಿ ಸವದತ್ತಿಯಲ್ಲಿ ಒಂದು ದಿನವಾದರೂ ಯಾಕೆ ಬೇಡ?

*ನೀರಿನ ಮಾತು*

ಸವದತ್ತಿ ಚರಿತ್ರೆಯಲ್ಲಿ ಮಲಪ್ರಭೆ ಬಿಟ್ಟರೆ ತಪ್ಪಾಗುತ್ತದೆ. ಮುನವಳ್ಳಿ ಹತ್ತಿರ ಎರಡು ಗುಡ್ಡದ ನಡುವೆ ನವಿಲುತೀರ್ಥದಲ್ಲಿ 1972ರ ಹೊತ್ತಿಗೆ ಆಣೆಕಟ್ಟು ಎದ್ದಿತು. 37 ಟಿಎಂಸಿಗೂ ಹೆಚ್ಚು ನೀರು ನಿಲ್ಲುವ ಜಲಾಶಯಕ್ಕೆ ರೇಣುಕಾಸಾಗರ ಅಂತ ಹೆಸರು. ಊರು ಮುಳುಗಿದ್ದು ಇಲ್ಲಿ, ಹೊಲ ಹಸಿರಾದದ್ದು ನವಲಗುಂದ, ನರಗುಂದ, ರೋಣದ ಕಡೆ, ಕುಡಿಯುವ ನೀರು ಹುಬ್ಬಳ್ಳಿ ಧಾರವಾಡಕ್ಕೆ. ಆ ಕಾಲುವೆಯ ಮೇಲಿನ ಕರದ ವಿರುದ್ಧವೇ 1980ರ ಜುಲೈ 21ರಂದು ನರಗುಂದ ನವಲಗುಂದದಲ್ಲಿ ರೈತರು ಎದ್ದರು, ಗೋಲಿಬಾರ್ ಆಯಿತು, ರೈತ ಚಳವಳಿ ಹುಟ್ಟಿತು. ನಾವು ಆ ಚಳವಳಿಯ ಜೊತೆ ಇದ್ದೇವೆ. ಆದರೆ ಕಾಲುವೆ ನೀರು ಹೊಲ ಇದ್ದವರ ಹೊಲಕ್ಕೆ ಹೋಗುತ್ತದೆ, ಹೊಲ ಇಲ್ಲದವರಿಗೆ ಕೂಲಿ ಅಷ್ಟೇ. 1961ರಲ್ಲಿ ವತನ ರದ್ದು ಮಾಡುವ ಕಾಯ್ದೆ ಬಂತು, 1978ರಲ್ಲಿ ಪರಿಶಿಷ್ಟರಿಗೆ ಸಿಕ್ಕ ಭೂಮಿ ಪರಭಾರೆ ಮಾಡಬಾರದು ಅಂತ ಕಾಯ್ದೆ ಬಂತು. ಕಾಗದದಲ್ಲಿ ಬಂದ ಭೂಮಿ ಎಷ್ಟು ಮನೆಗೆ ನಿಜವಾಗಿ ಬಂತು ಅಂತ ನಿಮ್ಮ ನಿಮ್ಮ ಊರಿನ ಉತಾರ ತೆಗೆದು ನೋಡ್ರಿ. ರೇಣುಕೆಯ ಹೆಸರಿನ ಸಾಗರ ಪಕ್ಕದಲ್ಲೇ ಇದ್ದರೂ, ರೇಣುಕೆಗೆ ಬಿಟ್ಟ ಹೆಣ್ಣುಮಗಳ ಹೆಸರಿನಲ್ಲಿ ಒಂದು ಗುಂಟೆ ನೀರಾವರಿ ಇರಲಿಲ್ಲ.

*ಈಗ*

ಸರ್ಕಾರ ಎರಡು ಸಲ ಸಮೀಕ್ಷೆ ಮಾಡಿತು, 1993-94ರಲ್ಲಿ ಮತ್ತು 2007-08ರಲ್ಲಿ. ಎರಡೂ ಸೇರಿ ರಾಜ್ಯದಲ್ಲಿ 46,660 ಮಂದಿ. ಪಟ್ಟಿಯ ಹೊರಗೆ ಉಳಿದವರು ಬಹಳ ಇದ್ದಾರೆ ಅಂತ ಸಂಘಟನೆಗಳು ವರ್ಷಗಟ್ಟಲೆ ಕೂಗಿದ ಮೇಲೆ 2025ರಲ್ಲಿ ಮರುಸಮೀಕ್ಷೆ ಶುರುವಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ವಿಧಾನಮಂಡಲ ಹೊಸ ಮಸೂದೆ ಒಪ್ಪಿತು. ದೇವದಾಸಿ ತಾಯಿಯ ಮಗು ತನ್ನ ತಂದೆ ಯಾರು ಅಂತ ಕಾನೂನಿನ ಮೂಲಕ ಗುರುತಿಸಬಹುದು, ಅವನ ಆಸ್ತಿಯಲ್ಲಿ ಹಕ್ಕು ಕೇಳಬಹುದು, ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯಲೇಬೇಕು ಅಂತ ಒತ್ತಾಯ ಇಲ್ಲ. 1982ರ ಕಾಯ್ದೆ ಮರೆತ ಗಂಡಸನ್ನ ಇದು ಕೊನೆಗೂ ಮುಂದೆ ತಂದು ನಿಲ್ಲಿಸಿದೆ. ಸಾಲಿಯ ದಾಖಲೆಯಲ್ಲಿ ತಂದೆಯ ಹೆಸರಿನ ಜಾಗಕ್ಕೆ ಬಂದಾಗ ತಲೆ ತಗ್ಗಿಸಿದ ಮಕ್ಕಳು ನಮ್ಮ ನಡುವೆ ಎಷ್ಟು ಜನ ಇದ್ದಾರೆ ಅಂತ ಇದನ್ನ ಓದುತ್ತಿರುವ ನಿಮಗೇ ಗೊತ್ತು. ಅವರಿಗೆ ಈ ಒಂದು ಗೆರೆ ಎಷ್ಟು ದೊಡ್ಡದು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ನಮ್ಮೊಳಗೇ ಒಂದು ಜಗಳ ಇದೆ, ಅದನ್ನೂ ಇಲ್ಲೇ ಆಡೋಣ. ಕೆಲವು ಸಂಗಾತಿಗಳು, ಗುಡ್ಡದ ಸುದ್ದಿಯೇ ಬೇಡ, ಚೌಡಿಕೆಯೂ ಬೇಡ, ಎಲ್ಲ ಗುಲಾಮಗಿರಿಯ ಗುರುತು ಅಂತಾರೆ. ಇನ್ನು ಕೆಲವರು ಅದು ನಮ್ಮ ಜಾನಪದ, ನಮ್ಮ ಸಂಸ್ಕೃತಿ ಅಂತ ಅಕಾಡೆಮಿ ವೇದಿಕೆ ಮೇಲೆ ತರ್ತಾರೆ. ನನಗೆ ಅನಿಸೋದು ಇಷ್ಟು. ಮುತ್ತು ಬೇರೆ, ಹಾಡು ಬೇರೆ. ಮುತ್ತನ್ನ ನಮಗೆ ಕಟ್ಟಿದರು, ಹಾಡನ್ನ ನಮ್ಮವರು ಕಟ್ಟಿದರು. ಜೋಗಪ್ಪಗಳಿಗೆ, ಮನೆಯಿಂದ ಹೊರಹಾಕಿದ ಲಿಂಗತ್ವ ಅಲ್ಪಸಂಖ್ಯಾತರಿಗೆ, ಆ ಗುಡ್ಡ ಒಂದು ಆಸರೆ ಆಗಿತ್ತು ಅನ್ನೋದೂ ನಿಜ. ಜೋಗತಿ ಮಂಜಮ್ಮನವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು ಆ ಕಲೆಯ ಬಲದಿಂದ. ಹಾಡು ಉಳಿಯಲಿ, ಆದರೆ ಹಾಡುವಾಕೆಗೆ ಹೊಟ್ಟೆಪಾಡಿಗೆ ಹಾಡುವ ಗತಿ ಬರಬಾರದು. ಆಕೆಗೆ ಬೇಕಾದರೆ ಹಾಡಲಿ, ಬೇಡವಾದರೆ ಚೌಡಿಕೆ ಗೂಟಕ್ಕೆ ಹಾಕಿ ಮಗಳ ಜೊತೆ ಕಾಲೇಜಿನ ಫೀ ಕಟ್ಟಾಕ ಹೋಗಲಿ.

ಈಗ 100 ಕೋಟಿ ಬಂದಿದೆ. ಯಾತ್ರಿ ನಿವಾಸ, ರಸ್ತೆ, ದೀಪ, ಬೋರ್ಡು ಎಲ್ಲ ಆಗಲಿ. ಬರುವ ಬಡ ಮಂದಿಗೆ ಶೌಚಾಲಯ, ಕುಡಿಯುವ ನೀರು ಸಿಗಲಿ. ಆ ಶೌಚಾಲಯ ತೊಳೆಯುವವರು ಯಾವ ಓಣಿಯವರು, ಅವರಿಗೆ ಪಗಾರ ಎಷ್ಟು ಅಂತ ನಾವು ಮೊದಲ ದಿನದಿಂದಲೇ ಕೇಳಬೇಕು. ಇದರ ಜೊತೆಗೆ ನಮ್ಮ ಬೇಡಿಕೆ ನಾಲ್ಕು:

ಒಂದು, ಗುಡ್ಡದ ಮೇಲೆ ಇತಿಹಾಸದ ಬೋರ್ಡು ಹಾಕುವಾಗ ರಟ್ಟರು, ನಾಯಕರು, ದೇಸಾಯರ ಜೊತೆ 1934, 1982, 1997, 2025 ಕೂಡ ಬರಬೇಕು. ಇಲ್ಲಿ ಏನು ನಡೆಯಿತು, ಯಾರು ನಿಲ್ಲಿಸಿದರು ಅಂತ ಕನ್ನಡ, ಮರಾಠಿ, ತೆಲುಗಿನಲ್ಲಿ ಬರೆದಿರಬೇಕು.

ಎರಡು, ಮುತ್ತು ಬಿಚ್ಚಿದ ಹಿರಿಯ ಹೆಣ್ಣುಮಕ್ಕಳ ಮಾತನ್ನ ಅವರು ಬದುಕಿರುವಾಗಲೇ ಧ್ವನಿಮುದ್ರಣ ಮಾಡಿ ಊರಿನಲ್ಲೇ ಒಂದು ವಸ್ತುಸಂಗ್ರಹಾಲಯದಲ್ಲಿ ಇಡಬೇಕು. ಅವರ ಒಪ್ಪಿಗೆಯಿಂದ, ಅವರಿಗೆ ಬೇಕಾದ ಹೆಸರಿನಿಂದ.

ಮೂರು, ಮರುಸಮೀಕ್ಷೆಯಲ್ಲಿ ಯಾರೂ ಬಿಟ್ಟುಹೋಗಬಾರದು. ನಿಮ್ಮ ಓಣಿಯಲ್ಲಿ ಹೆಸರು ಹಚ್ಚಾಕ ನಾಚಿಕೊಂಡು ಕೂತ ಅವ್ವಂದಿರು ಇದ್ದರೆ ಜೊತೆಗೆ ಹೋಗ್ರಿ. ಒತ್ತಾಯ ಬೇಡ, ಧೈರ್ಯ ಕೊಡ್ರಿ.

ನಾಲ್ಕು, ದೇವಸ್ಥಾನದ ಆದಾಯದಲ್ಲಿ ಒಂದು ಪಾಲು ಈ ಹೆಣ್ಣುಮಕ್ಕಳ ಮನೆ, ಭೂಮಿ, ಮಕ್ಕಳ ಓದಿಗೆ ಹೋಗಬೇಕು. ಇದು ಭಿಕ್ಷೆ ಅಲ್ಲ. ನೂರಾರು ವರ್ಷ ಆ ಗುಡ್ಡಕ್ಕೆ ಬಂದ ಕಾಣಿಕೆಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನ ಕೊಟ್ಟವರು ಇವರು.

ಸವದತ್ತಿಯವರು ಇದನ್ನ ಓದಿ ಸಿಟ್ಟಾಗಬೇಡ್ರಿ. ನಿಮ್ಮ ಊರನ್ನ ಹೀಗಳೆಯಾಕ ಬರೆದದ್ದಲ್ಲ. ಯಾವ ಊರಿಗೂ ಹೇಳಿಕೊಳ್ಳಾಕ ಇಂಥ ಹೆಣ್ಣುಮಕ್ಕಳು ಸುಲಭಕ್ಕೆ ಸಿಗೋದಿಲ್ಲ. ನಿಮಗೆ ಸಿಕ್ಕಾರೆ, ಹೇಳಿಕೊಳ್ಳರಿ.

ನಿಮ್ಮ ಊರಿನಲ್ಲಿ ಮರುಸಮೀಕ್ಷೆ ಹೆಂಗ ನಡೆದಿದೆ ಅಂತ ಕೆಳಗೆ ಬರೀರಿ. ಹೆಣ್ಣುಮಕ್ಕಳ ಹೆಸರು, ಫೋಟೊ ಹಾಕಬೇಡ್ರಿ.

ಜೈಭೀಮ್.

#ಸವದತ್ತಿ #ನಮ್ಮಚರಿತ್ರೆನಾವೇಬರೆಯೋಣ